ಬೀಗದಣ್ಣನ ಮಾತ್ರೆ ಚೀಲ

ಆ ಬೀದಿಯಲ್ಲಿ ಯಾರ ಮನೆಯ ಬೀಗ ಕೈಕೊಟ್ಟರೂ ಎಲ್ಲರ ಬಾಯಿಗೆ ಬರುತ್ತಿದ್ದುದು ಒಂದೇ ಹೆಸರು, ಬೀಗದಣ್ಣ. ಕಳೆದುಹೋದ ಕೀಲಿಗೆ ಜೋಡಿ ಮಾಡಿಕೊಡುವುದು ಅವನಿಗೆ ನೀರು ಕುಡಿದಷ್ಟು ಸುಲಭವಾಗಿತ್ತು.

ಮೂರು ವರ್ಷದ ಹಿಂದೆ ಅವನಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಕೈ ನಡುಗುತ್ತಿತ್ತು, ಮೈ ಬಿಗಿಯುತ್ತಿತ್ತು. ಆದರೂ ಡಾಕ್ಟರು ಕೊಟ್ಟ ಮಾತ್ರೆಯಿಂದ ಕೆಲಸ ಹೇಗೋ ಸಾಗುತ್ತಿತ್ತು. ಈಗ ಎರಡು ತಿಂಗಳಿಂದ ಎಲ್ಲ ತಲೆಕೆಳಗಾಗಿತ್ತು. ಕುರ್ಚಿಯಿಂದ ಏಳಬೇಕಾದರೂ ಹೆಂಡತಿ ಕೈ ಹಿಡಿಯಬೇಕಿತ್ತು. ಅಂಗಡಿಯ ಶಟರ್ ಎತ್ತಿ ಹದಿನೈದು ದಿನವಾಗಿತ್ತು.

"ಕಾಯಿಲೆ ಮುಂದಕ್ಕೆ ಹೋಗಿದೆ, ಅಷ್ಟೆ. ಕೀಲಿ ಮೆಷಿನ್ ಮಾರಿಬಿಡೋಣ" ಅಂದ ಅವನು.

ಹೆಂಡತಿಗೆ ಅನ್ನ ಇಳಿಯಲಿಲ್ಲ. ಎದುರುಮನೆಯ ನರ್ಸಮ್ಮನ ಹತ್ತಿರ ಹೋಗಿ ಗೋಳು ತೋಡಿಕೊಂಡಳು.

"ಅಕ್ಕ, ನಮ್ಮ ಆಸ್ಪತ್ರೇಲಿ ಡಾಕ್ಟರ ಪಕ್ಕದ ಕೋಣೇಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಇದಾರೆ. ಯಾವ ಮಾತ್ರೆ ಯಾವುದರ ಜೊತೆ ಹೊಂದುತ್ತೆ, ಯಾವುದು ಹೊಂದಲ್ಲ, ಅದನ್ನೇ ಓದಿಕೊಂಡವರು. ಮನೇಲಿರೋ ಮಾತ್ರೆ ಒಂದೂ ಬಿಡದೆ ಚೀಲಕ್ಕೆ ಹಾಕ್ಕೊಂಡು ಹೋಗಿ."

ಬೀಗದಣ್ಣ ಮೂಗು ಮುರಿದ. "ಮಾತ್ರೆ ಎಣಿಸಿ ಕೊಡೋರ ಹತ್ರ ಮಾತಾಡೋದೇನಿದೆ?"

"ಮಾರೋ ಮೆಷಿನ್ ಎಲ್ಲೂ ಓಡಿಹೋಗಲ್ಲ. ಒಂದ್ಸಲ ಬನ್ರೀ" ಅಂದಳು ಹೆಂಡತಿ.

ಆಸ್ಪತ್ರೆಯ ಫಾರ್ಮಸಿಸ್ಟ್ ಕನ್ನಡಕ ಹಾಕಿದ ಹೆಂಗಸು. ಚೀಲವನ್ನು ಮೇಜಿನ ಮೇಲೆ ಸುರಿದು ಒಂದೊಂದೇ ಮಾತ್ರೆಯ ಕಥೆ ಕೇಳತೊಡಗಿದಳು.

"ಪಾರ್ಕಿನ್ಸನ್ ಮಾತ್ರೆ ಎಷ್ಟು ಗಂಟೆಗೆ ತಗೋತೀರಿ, ಯಜಮಾನ್ರೇ?"

"ನೆನಪಾದಾಗ. ಮಧ್ಯಾಹ್ನದ್ದು ಮರೆತ್ರೆ ಸಂಜೆ ಎರಡೂ ಸೇರಿಸಿ."

ಅವಳು ಬೈಯಲಿಲ್ಲ, ಬರೆದುಕೊಂಡಳು. ಆಮೇಲೆ ಒಂದು ಚಿಕ್ಕ ಮಾತ್ರೆ ಪಟ್ಟಿ ಎತ್ತಿ ಹಿಡಿದಳು. "ಇದು ಯಾರು ಕೊಟ್ಟಿದ್ದು?"

"ಹೊಟ್ಟೆ ತೊಳೆಸ್ತಿತ್ತು. ವಾಂತಿಗೆ ಅಂತ ನಾನೇ ಔಷಧಿ ಅಂಗಡೀಲಿ ಕೇಳಿ ತಗೊಂಡೆ."

"ಯಾವಾಗಿಂದ?"

ಹೆಂಡತಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಎರಡು ತಿಂಗಳಾಯ್ತಮ್ಮ. ಇವರು ಏಳೋಕಾಗದೆ ಕೂತಿದ್ದೂ ಆವಾಗಿಂದಾನೇ."

"ಹಾಗಾದ್ರೆ ಕಳ್ಳ ಇಲ್ಲೇ ಇರಬಹುದು" ಅಂದಳು ಫಾರ್ಮಸಿಸ್ಟ್. "ನಿಮ್ಮ ಪಾರ್ಕಿನ್ಸನ್ ಮಾತ್ರೆ ಕೀಲಿ ಅಂದ್ಕೊಳ್ಳಿ. ಈ ಮಾತ್ರೆ ಹೋಗಿ ಬೀಗದ ತೂತನ್ನೇ ಮುಚ್ಚುತ್ತೆ. ವಾಂತಿ ಮಾತ್ರೆಗಳಲ್ಲಿ ಕೆಲವು ಹೀಗೆ ಮಾಡ್ತವೆ. ಬೇರೆಯವರಿಗೆ ಈ ಮಾತ್ರೆ ಒಗ್ಗಬಹುದು, ನಿಮಗೆ ಒಗ್ಗಲ್ಲ."

ಆ ಮಾತು ಬೀಗದಣ್ಣನಿಗೆ ನೇರವಾಗಿ ನಾಟಿತು. ಅವನು ಮೊದಲ ಸಲ ಮುಂದಕ್ಕೆ ಬಾಗಿ ಕೂತ.

ಅವಳು ಆ ಮಾತ್ರೆ ಪಟ್ಟಿ ಹಿಡಿದು ಡಾಕ್ಟರ ಕೋಣೆಗೆ ಹೋದಳು. ಡಾಕ್ಟರು ಬಂದು ಅವನನ್ನು ನೋಡಿದರು, ಆ ಮಾತ್ರೆ ನಿಲ್ಲಿಸಿದರು, ಈ ಕಾಯಿಲೆಗೆ ತೊಂದರೆ ಮಾಡದ ಬೇರೊಂದನ್ನು ಬರೆದರು. ಪಾರ್ಕಿನ್ಸನ್ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮುಂಚೆ, ದಿನವೂ ಅದೇ ಹೊತ್ತಿಗೆ ಎಂದು ಫಾರ್ಮಸಿಸ್ಟ್ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟು, ಅವನ ಫೋನಿನಲ್ಲಿ ಅಲಾರಂ ಇಟ್ಟಳು. "ಮರೆತ್ರೆ ಎರಡು ಸೇರಿಸಬೇಡಿ, ನನಗೆ ಫೋನ್ ಮಾಡಿ" ಅಂದಳು.

ಹತ್ತನೇ ದಿನ ಬೆಳಿಗ್ಗೆ ಹೆಂಡತಿ ಕೈ ಕೊಡಲು ಬಂದರೆ ಕುರ್ಚಿ ಖಾಲಿ. ಅವನು ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ. ಅವಳು ಬಾಗಿಲಿಗೆ ಒರಗಿ ನಿಂತು ಮನಸಾರೆ ನಕ್ಕಳು.

ನಾಲ್ಕನೇ ವಾರ ಮೇಲಿನ ಮನೆಯ ಬಾಣಂತಿ ಏದುಸಿರು ಬಿಡುತ್ತಾ ಬಂದಳು. "ಅಣ್ಣ, ಬಾಗಿಲು ಹಾಕ್ಕೊಂಡುಬಿಟ್ಟಿದೆ. ಮಗು ಒಳಗಿದೆ, ಒಲೆ ಉರೀತಿದೆ."

ಬೀಗದಣ್ಣ ಪೆಟ್ಟಿಗೆ ಎತ್ತಿಕೊಂಡ. ಕಂಬಿ ಹಿಡಿದು ಮೆಟ್ಟಿಲು ಹತ್ತಿದ. ಹೆಂಡತಿ ಬೀಗದ ಮೇಲೆ ಟಾರ್ಚ್ ಬೆಳಕು ಬಿಟ್ಟಳು. ಕೈ ನಡುಕ ಪೂರ್ತಿ ನಿಂತಿರಲಿಲ್ಲ. ಒಳಗಿಂದ ಸೀದ ವಾಸನೆ. ಒಂದು ಸಲ ಬೀಗ ತೆರೆಯುವ ಕಡ್ಡಿ ಜಾರಿತು. ಎರಡನೇ ಸಲ ಬೀಗ ಕಟಕ್ ಎಂದಿತು. ತಾಯಿ ಒಳಗೆ ನುಗ್ಗಿ ಒಲೆ ಆರಿಸಿ, ಮಗುವನ್ನು ಅವಚಿಕೊಂಡು ಬಂದಳು. ಮಗು ಇನ್ನೂ ನಿದ್ದೆಯಲ್ಲಿತ್ತು.

ಆ ಸಂಜೆ ಫಾರ್ಮಸಿಸ್ಟ್ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಿದಳು. ಬೀಗದಣ್ಣ ಹೆಂಡತಿಯ ಕೈಯಿಂದ ಫೋನ್ ಕಿತ್ತುಕೊಂಡ. "ತಡಿ, ನಾನೇ ಹೇಳ್ತೀನಿ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಪಾರ್ಕಿನ್ಸನ್ ಇರುವವರಿದ್ದರೆ ಮುಂದಿನ ಸಲ ಆಸ್ಪತ್ರೆಗೆ ಬರಿಗೈಲಿ ಹೋಗಬೇಡಿ. ಅಂಗಡಿಯಲ್ಲಿ ಕೊಂಡದ್ದು, ನೆಂಟರು ಕೊಟ್ಟದ್ದು, ಎಲ್ಲ ಔಷಧಿ ಒಯ್ಯಿರಿ. ಫಾರ್ಮಸಿಸ್ಟ್ ಇದ್ದರೆ ಅವರಿಗೆ, ಇಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಕಾಯಿಲೆಯ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಕೇಳಲು ನಾಚಿಕೆ ಬೇಡ, ಕೇಳಿದವರೇ ಗೆದ್ದರು.