ಖಾಲಿ ಕೋಣೆಯ ಪರೀಕ್ಷೆ

ಮಂಚದ ಕೆಳಗೂ ತೋರಿಸಬೇಕಂತೆ. ಮರಿಸ್ವಾಮಿ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮಂಡಿಯೂರಿದ. ನಲವತ್ತೇಳು ವರ್ಷದ ಮೊಣಕಾಲು ಲಟಕ್ಕೆಂದಿತು. ಮಂಚದ ಕೆಳಗೆ ಒಂದು ಟ್ರಂಕು, ಹೆಂಡತಿ ಕಾವ್ಯಳ ಹಳೆಯ ಚಪ್ಪಲಿ, ಧೂಳು. ಯಾವುದೋ ಊರಲ್ಲಿ ಕೂತ, ಮುಖ ಕಾಣದ ಮೇಲ್ವಿಚಾರಕಿ ಧೂಳನ್ನೂ ಬಿಡದೆ ನೋಡಿದಳು.

"ಬಾಗಿಲು ತೋರಿಸಿ" ಎಂದಳು ಇಂಗ್ಲಿಷಿನಲ್ಲಿ. ತೋರಿಸಿದ. ಚಿಲಕ ಹಾಕಿದ್ದನ್ನೂ ತೋರಿಸಿದ.

"ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ?"

"ಯಾರೂ ಇಲ್ಲ."

ಸುಳ್ಳೇನಲ್ಲ. ಅಕ್ಕ ಇದ್ದದ್ದು ಬಾಗಿಲಾಚೆಯ ನಡುಮನೆಯಲ್ಲಿ. ಪರದೆಯಿಂದ ಕಣ್ಣು ತೆಗೆದರೆ, ಬೇರೆಯವರ ದನಿ ಕೇಳಿಸಿದರೆ ಪರೀಕ್ಷೆ ರದ್ದು ಎಂದು ಅವಳು ಓದಿ ಹೇಳಿದಳು. ಅವನಿಗೆ ಬಾಯಿಪಾಠವಾಗಿತ್ತು. ಇದು ಎರಡನೆಯ ಸಲ. ಮೂರನೆಯದು ಇಲ್ಲ.

ಹತ್ತೊಂಬತ್ತು ವರ್ಷ ಅವನು ಸಂಡೂರಿನ ಅದಿರು ಕಂಪನಿಯೊಂದರ ಕಂಪ್ಯೂಟರುಗಳನ್ನು ಕಾಯ್ದಿದ್ದ. ಯಾವ ಲಾರಿ ಎಷ್ಟು ಟನ್ ಹೊತ್ತು ಗುಡ್ಡ ಇಳಿಯಿತು ಎಂಬ ಲೆಕ್ಕವೆಲ್ಲ ಅವನ ಕೈಯಿಂದಲೇ ತಂತಿ ಜೋಡಿಸಿಕೊಂಡ ಯಂತ್ರಗಳ ಮೂಲಕ ಹಾಯುತ್ತಿತ್ತು. ಹೋದ ತಿಂಗಳು ಅವನ್ನೆಲ್ಲ ಕಳಚಿದರು. ಈಗ ಲೆಕ್ಕವಿರುವುದು ಕ್ಲೌಡಿನಲ್ಲಿ, ಅಂದರೆ ಯಾರೂ ನೋಡದ ಊರಿನ ಬಾಡಿಗೆ ಯಂತ್ರಗಳಲ್ಲಿ. ಅವನ ಸರ್ವರ್ ರೂಮಿನಲ್ಲಿ ಹೊಸ ಹೆಲ್ಮೆಟ್ಟುಗಳನ್ನು ಒಟ್ಟಿದ್ದಾರೆ. ಏಸಿ ಮಾತ್ರ ಇನ್ನೂ ಓಡುತ್ತಿದೆ, ನಿಲ್ಲಿಸಿ ಎಂದು ಆರ್ಡರ್ ಬಂದಿಲ್ಲ.

ಅವನಿಗಿಂತ ಹದಿನೈದು ವರ್ಷ ಚಿಕ್ಕವನಾದ ಮ್ಯಾನೇಜರ್ ಪರಶುರಾಮ್ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿ, ಮುಂದಿನ ಐದು ವರ್ಷದಲ್ಲಿ ಏನೇನು ಬದಲಾಗುತ್ತದೆ ಎಂದು ವಿವರಿಸಿದ್ದ. ಆಮೇಲೆ ಪಕ್ಕಕ್ಕೆ ಕರೆದಿದ್ದ.

"ಟ್ರೆಂಡ್ ಹಂಗೈತ್ರಿ, ಸರ್. ಕ್ಲೌಡ್ ಸರ್ಟಿಫಿಕೇಟ್ ಒಂದು ತಗೊಂಡುಬಿಡ್ರಿ."

"ಆಗಲಿಲ್ಲ ಅಂದ್ರ?"

"ನೀವು ತಗೋತೀರಿ ಬಿಡ್ರಿ. ಚಾ ಕುಡದ್ರೇನು?"

ಆಮೇಲೆ ಕಂಪನಿಯಿಂದ ಬಂದ ಪತ್ರ ಅಷ್ಟು ನಯವಾಗಿರಲಿಲ್ಲ. ತಿಂಗಳ ಕೊನೆಗೆ ಸರ್ಟಿಫಿಕೇಟ್ ಇಲ್ಲದವರ ಹೆಸರು ಹೊಸ ಪಟ್ಟಿಯಲ್ಲಿ ಇರುವುದಿಲ್ಲ. ತಿಂಗಳು ನಾಳೆ ಮುಗಿಯುತ್ತದೆ.

ಮೊದಲ ಸಲ ಪರೀಕ್ಷೆ ಕೆಟ್ಟದ್ದು ಚಹಾದಿಂದ. ನಲವತ್ತನೆಯ ನಿಮಿಷಕ್ಕೆ ಅಕ್ಕ ಗಂಗಾಂಬಿಕಾ ಗೋಡೆ ಹಿಡಿದು ನಡೆದುಬಂದು, ಬಾಗಿಲು ತಳ್ಳಿ, "ಮರೀ, ಚಾ ಆರಿಹೋಗತೈತಿ" ಎಂದಿದ್ದಳು. ಪರದೆ ತಾನಾಗಿ ಮುಚ್ಚಿಕೊಂಡಿತು. ಮರಿಸ್ವಾಮಿ ಜನ್ಮದಲ್ಲಿ ಮೊದಲ ಬಾರಿಗೆ ಅವಳ ಮೇಲೆ ಕೂಗಾಡಿದ. "ನಿನ್ನ ಬಾಯಿಂದ ನನ್ನ ಅನ್ನ ಹೋತು" ಎಂದುಬಿಟ್ಟ. ಬುಕ್ಕಸಾಗರದ ಶಾಲೆಯಲ್ಲಿ ಪಾಠ ಹೇಳಿ, ಮದುವೆಯಾಗದೆ ಉಳಿದು ಅವನನ್ನು ಓದಿಸಿದವಳು ಅವಳು. ಕಪ್ಪನ್ನು ಬಚ್ಚಲಿಗೆ ಒಯ್ದು ಚೆಲ್ಲಿದಳು. ಆ ಮಾತಿಗಾಗಿ ಅವನು ಇನ್ನೂ ತಪ್ಪಾಯಿತೆಂದಿರಲಿಲ್ಲ. ಪಾಸಾದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದ.

ಹೋದ ವರ್ಷ ಲಕ್ವ ಹೊಡೆದಾಗಿನಿಂದ ಅಕ್ಕನ ಎಡಗಾಲು ಅವಳ ಮಾತು ಕೇಳುವುದಿಲ್ಲ. ಕಾವ್ಯ ಕಂಪ್ಲಿಯ ಶಾಲೆಗೆ ಕೆಲಸಕ್ಕೆ ಹೋದ ಮೇಲೆ ಪಕ್ಕದ ಮನೆಯ ಜಂಬವ್ವ ಬಂದು ಜೊತೆಗೆ ಕೂರುತ್ತಾಳೆ. ಇವತ್ತು ಅವನು ಆಕೆಯನ್ನೂ ಬಾಗಿಲಲ್ಲೇ ತಡೆದಿದ್ದ. "ಇವತ್ತು ಬ್ಯಾಡ ಜಂಬವ್ವ, ಮಾತು ಕೇಳಸ್ತೈತಿ."

ಆಮೇಲೆ ಅಕ್ಕನ ಮುಂದೆ ಕೂತು ಹೇಳಿದ್ದ: "ಎರಡು ತಾಸು ಅಷ್ಟ, ಅಕ್ಕ. ಏನಾದ್ರೂ ಕರೀಬ್ಯಾಡ."

"ಕೆಮ್ಮು ಬಂದ್ರ?"

"ತಡ್ಕೊ."

"ಆತು. ನಾ ಮನ್ಯಾಗ ಇಲ್ಲ ಅಂತ ತಿಳ್ಕೊ" ಎಂದಳು ಅಕ್ಕ. ಅವಳು ನಕ್ಕಳೋ ಇಲ್ಲವೋ, ಅವನು ನೋಡಲಿಲ್ಲ.

ಮೂವತ್ತೊಂದನೆಯ ಪ್ರಶ್ನೆಯಲ್ಲಿದ್ದಾಗ ನಡುಮನೆಯಲ್ಲಿ ಏನೋ ದೊಪ್ಪೆಂದಿತು.

ಅವನ ಕುತ್ತಿಗೆ ತಿರುಗಲಿಕ್ಕೆ ಹವಣಿಸಿತು. ತಡೆದ. ಪರದೆಯ ಮೂಲೆಯಲ್ಲಿ ಅವನದೇ ಮುಖ, ಗೋಡೆಗೆ ಹೊಡೆದ ಕ್ಯಾಲೆಂಡರಿನ ದೇವರಷ್ಟು ನೆಟ್ಟಗೆ, ಎದುರಿಗೇ ನೋಡುತ್ತಿತ್ತು. ಕೂಗು ಬರಲಿ, ಏಳುತ್ತೇನೆ ಎಂದುಕೊಂಡ. ಕೂಗು ಬರಲಿಲ್ಲ. ಬರಲಿಲ್ಲವಲ್ಲ ಎಂದು ಒಳಗೊಂದು ಸಮಾಧಾನ ಹಬ್ಬಿತು. ಆ ಸಮಾಧಾನದ ಬಗ್ಗೆ ಅವನಿಗೆ ತಕ್ಷಣವೇ ಹೇಸಿಗೆಯಾಯಿತು, ಆದರೂ ಏಳಲಿಲ್ಲ. ಕೊಡ ಉರುಳಿರಬೇಕು. ನಲ್ಲಿ ದಿನ ಬಿಟ್ಟು ದಿನ ಬರುವುದರಿಂದ ನಡುಮನೆ ತುಂಬ ಕೊಡಗಳೇ.

ಪ್ರಶ್ನೆ ಓದಿದ. ಜೊತೆಯಾಗಿ ಕೆಲಸ ಮಾಡುವ ಯಂತ್ರಗಳಲ್ಲಿ ಒಂದು ಉತ್ತರ ಕೊಡುವುದನ್ನು ನಿಲ್ಲಿಸಿದೆ. ಉಳಿದವು ಏನು ಮಾಡಬೇಕು? ನಾಲ್ಕು ಉತ್ತರಗಳಿದ್ದವು. ಮೂರು ಸಲ ಕರೆದು ನೋಡಿ, ಉತ್ತರ ಬರದಿದ್ದರೆ ಅದರ ಕೆಲಸವನ್ನು ಬೇರೆಯದಕ್ಕೆ ವಹಿಸಿ ಮುಂದುವರಿಯಬೇಕು ಎಂಬುದು ಸರಿ. ಅವನು ಸರಿಯಾದುದನ್ನೇ ಒತ್ತಿದ.

ನಲವತ್ತನೆಯ ಪ್ರಶ್ನೆಯ ಹೊತ್ತಿಗೆ ಅಂಗಾಲು ತಣ್ಣಗಾಯಿತು. ನೀರು. ಬಾಗಿಲಡಿಯಿಂದ ಹರಿದುಬಂದು ಕುರ್ಚಿಯ ಕೆಳಗೆ ನಿಂತಿದ್ದಿರಬೇಕು. ಬಗ್ಗಿ ನೋಡುವಂತಿಲ್ಲ. ಅಕ್ಕ ಅಲ್ಲೇ ಇದ್ದೂ ಕೊಡವನ್ನು ನೆಟ್ಟಗೆ ಮಾಡಲಿಲ್ಲವೇಕೆ ಎಂಬ ಯೋಚನೆ ಬಂತು. ಬಂದ ಕೂಡಲೇ ಅದಕ್ಕೆ ಉತ್ತರವೂ ಗೊತ್ತಿತ್ತು. ಇನ್ನು ಇಪ್ಪತ್ತೈದು ಪ್ರಶ್ನೆ. ಅವನು ಎರಡೂ ಪಾದ ಎತ್ತಿ ಕುರ್ಚಿಯ ಅಡ್ಡಪಟ್ಟಿಯ ಮೇಲೆ ಇಟ್ಟುಕೊಂಡ.

ಕೊನೆಯ ಪ್ರಶ್ನೆ ಮುಗಿದಾಗ ಪರದೆ ಹಸಿರಾಯಿತು. ಪಾಸಾಗಿದ್ದ. "ಅಭಿನಂದನೆಗಳು. ಈಗ ನೀವು ಏಳಬಹುದು" ಎಂದಳು ಮೇಲ್ವಿಚಾರಕಿ. ಅವನು ಎದ್ದ. ಚಿಲಕ ತೆಗೆದ.

ಅಕ್ಕ ನೀರಿನಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಎಡಗಾಲು ಮೈಯಡಿ ಸಿಕ್ಕಿಕೊಂಡಿತ್ತು. ಬಲಗೈಯಿಂದ ನೆಲವನ್ನು ತಳ್ಳಿ ತಳ್ಳಿ ಬಾಗಿಲಿಗೆ ಒಂದು ಮೊಳದಷ್ಟು ಹತ್ತಿರ ಬಂದು ಅಲ್ಲೇ ಉಳಿದುಬಿಟ್ಟಿದ್ದಳು. ತಟ್ಟಿದ್ದರೆ ಕೇಳಿಸುತ್ತಿತ್ತು. ತಟ್ಟಿರಲಿಲ್ಲ. ಕಣ್ಣುಗಳು ತೆರೆದೇ ಇದ್ದವು.

"ಅಕ್ಕ!"

ಅವಳು ಗಾಬರಿಯಾದಳು. ಅವನ ಬೆನ್ನ ಹಿಂದೆ, ಇನ್ನೂ ಬೆಳಗುತ್ತಿದ್ದ ಲ್ಯಾಪ್‌ಟಾಪಿನ ಕಡೆ ನೋಡಿ, ಬಲಗೈ ಎತ್ತಿ ತುಟಿಯ ಮೇಲೆ ಬೆರಳಿಟ್ಟಳು.

"ಮುಗೀತು, ಅಕ್ಕ. ಪಾಸಾದ್ನಿ. ನಂದು ತಪ್ಪಾತು. ಮಾತಾಡು ಈಗ."

ಬೆರಳ ಹಿಂದೆ ತುಟಿ ಅಲುಗಿತು. ಅದರ ಒಂದು ಕೊನೆ ಜೋತುಬಿದ್ದಿತ್ತು. ದನಿ ಹೊರಡಲಿಲ್ಲ. ಮಾತಾಡಬಾರದೆಂದು ಸುಮ್ಮನಿದ್ದಾಳೋ, ಮಾತೇ ಹೋಗಿದೆಯೋ ಅವನಿಗೆ ತಿಳಿಯಲಿಲ್ಲ. ನೀರಿನಲ್ಲಿ ಮಂಡಿಯೂರಿ ಮತ್ತೊಮ್ಮೆ ಕರೆದ, ಮಗದೊಮ್ಮೆ ಕರೆದ. ಅಕ್ಕ ಬೆರಳು ತೆಗೆಯಲಿಲ್ಲ.