ಮಾವನ ಕಿವಿ, ಯಜಮಾನರ ಸ್ವಿಚ್ಚು

ನಮ್ಮ ಯಜಮಾನರು, ನಟರಾಜ, ತುಂಬಾದ ರಾಕೆಟ್ ಕೇಂದ್ರದಲ್ಲಿ ವಿಜ್ಞಾನಿ. ರಾಕೆಟ್ಟಿನ ಕೆಲಸದವರ ಕಣ್ಣು ಆಕಾಶದಲ್ಲಿರುತ್ತದೆ ಅಂದುಕೊಂಡಿದ್ದೆ. ಇವರದು ಸ್ವಿಚ್ ಬೋರ್ಡಿನ ಮೇಲೆ. ಟಿ.ವಿ.ಯ ಕೆಂಪು ಚುಕ್ಕಿ, ಓವನ್ನಿನ ಗಡಿಯಾರ, ಚಾರ್ಜರಿನ ದೀಪ, ಎಲ್ಲವೂ ಸುಮ್ಮನೆ ಕೂತು ಕರೆಂಟು ತಿನ್ನುವ ಕಳ್ಳರಂತೆ. ಪುಟ್ಟ ಮೀಟರೊಂದನ್ನು ತಂದು, ಯಾವುದು ಎಷ್ಟು ತಿನ್ನುತ್ತದೆಂದು ಪಟ್ಟಿ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಜೂನ್ ತಿಂಗಳಿನಿಂದ, ಮಲಗುವ ಮುಂಚೆ ಮನೆಯಿಡೀ ಸುತ್ತಿ ಸ್ವಿಚ್ ಆರಿಸುವುದೇ ಇವರ ಪೂಜೆಯಾಯಿತು.

ಮಾವ ರುದ್ರಪ್ಪನವರು ತುಮಕೂರಿನಿಂದ ಬಂದು ಎರಡು ವರ್ಷ. ನನ್ನ ಮಗ ಶ್ರೇಯಸ್ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರಿಸುವವನು. ಮಾವ ಎರಡೂ ಕಿವಿಗೆ ಮಿಷನ್ನು ಸಿಕ್ಕಿಸಿಕೊಂಡು, ಅವನ ಬಾಯಿಂದಲೇ ಮಲಯಾಳ ಕಲಿತು, ಅವನ ಜೊತೆ ಹರಟುತ್ತಿದ್ದರು. ಈ ಊರಿನಲ್ಲಿ ಅವರಿಗಿದ್ದ ಸುಖ ಅದೊಂದೇ.

ಅದೇ ಜೂನ್‌ನಲ್ಲಿ ಅದೂ ನಿಂತಿತು. ಬೆಳಗಿನ ಕಾಫಿಯವರೆಗೆ ಕೇಳಿಸುತ್ತಿತ್ತು, ಆಮೇಲೆ ಏನಂದರೂ ಸುಮ್ಮನೆ ನಗುತ್ತಿದ್ದರು. ಶ್ರೇಯಸ್ ನಾಲ್ಕು ಸಲ ಹೇಳಿ ಬೇಸತ್ತು ಎದ್ದುಹೋಗುತ್ತಿದ್ದ.

"ಪೂರ್ತಿ ಹೋಯ್ತು ಕಣಮ್ಮ ಕಿವಿ. ಇನ್ನೇನಿದ್ರೂ ಮಗು ಬಾಯಿ ಆಡೋದನ್ನ ನೋಡ್ಕೊಂಡು ಕೂರೋದು," ಅಂದರು ಮಾವ. ನನಗೆ ಅಳು ಬಂತು.

ಯಜಮಾನರು ಅಳುವ ಪೈಕಿಯಲ್ಲ. ಕಿವಿಯ ಶಸ್ತ್ರಚಿಕಿತ್ಸೆಯ ಬಗ್ಗೆ ಓದಿ, ಮೂರು ಪುಟ ಪ್ರಶ್ನೆ ಬರೆದುಕೊಂಡು, ತಂಪಾನೂರು ಸ್ಟೇಷನ್ನಿನಲ್ಲಿ ಮಾವನನ್ನೂ ನನ್ನನ್ನೂ ಕೊಚ್ಚಿಯ ರೈಲು ಹತ್ತಿಸಿ ತಾವೂ ಹತ್ತಿದರು.

ಕೊಚ್ಚಿಯಲ್ಲಿ ಕಿವಿ ಪರೀಕ್ಷೆ ಮಾಡುವ ವಿಲ್ಸನ್ ಆ ಪುಟಗಳನ್ನು ಮುಟ್ಟಲೂ ಇಲ್ಲ. ಮಿಷನ್ನು ನೋಡಿ, ರಾತ್ರಿ ಚಾರ್ಜಿಗೆ ಇಡುವುದಿಲ್ಲವೇ, ಬ್ಯಾಟರಿ ಖಾಲಿಯಿದೆಯಲ್ಲ ಎಂದು ಕೇಳಿದರು.

"ದಿನಾ ಟಿ.ವಿ. ಪಕ್ಕ ಚಾರ್ಜಿನ ಡಬ್ಬೀಲಿಟ್ಟು ನಾನೇ ಸ್ವಿಚ್ ಹಾಕ್ತೀನಲ್ಲ," ಅಂದೆ. ಬೆಳಿಗ್ಗೆ ಸ್ವಿಚ್ ಆರಿರುತ್ತಿತ್ತು; ಮಾವನೇ ಆರಿಸಿದ್ದಾರೆ ಅಂದುಕೊಳ್ಳುತ್ತಿದ್ದೆ. ತಿರುಗಿ ಗಂಡನ ಮುಖ ನೋಡಿದೆ.

"ಹಸಿರು ದೀಪದ್ದಾ? ಫೋನ್ ಚಾರ್ಜರ್ ಅನ್ಕೊಂಡೆ," ಅಂದರು ಮಹಾನುಭಾವರು. "ಸುಮ್ನೆ ಪಾಯಿಂಟ್ ಮೂರು ವ್ಯಾಟ್ ಹೋಗ್ತಿತ್ತು."

"ನಿಮ್ಮಪ್ಪನ ಕಿವೀನೂ ಅಳೆದು ಪಟ್ಟೀಲಿ ಬರ್ಕೊಳ್ಳಿ ರೀ!" ಅಂದುಬಿಟ್ಟೆ, ವಿಲ್ಸನ್ ಎದುರಿಗೇ. ಒಂದು ತಿಂಗಳು ಮುದುಕರನ್ನು ಕಿವುಡು ಮಾಡಿ ಕೂರಿಸಿದ ಮನುಷ್ಯ ವ್ಯಾಟಿನ ಲೆಕ್ಕ ಕೊಡುತ್ತಾನಲ್ಲ!

ವಿಲ್ಸನ್ ಅಲ್ಲೇ ಮೂರು ಗಂಟೆ ಚಾರ್ಜು ಮಾಡಿಕೊಟ್ಟರು. ವಾಪಸ್ ರೈಲಿನಲ್ಲಿ ಮಾವ ಮೊದಲು ಶ್ರೇಯಸ್‌ಗೆ ಫೋನ್ ಮಾಡಿಸಿದರು. ಕಣ್ಣೊರೆಸಿಕೊಳ್ಳುತ್ತಾ ಮಲಯಾಳದಲ್ಲಿ ಅರ್ಧ ಗಂಟೆ ಮಾತಾಡಿದರು.

ಅಷ್ಟರಲ್ಲಿ ಯಜಮಾನರು ಎದುರು ಸೀಟಿನವರನ್ನು ಹಿಡಿದುಕೊಂಡು, ಮನೆಮನೆಯಲ್ಲೂ ಸ್ಟ್ಯಾಂಡ್‌ಬೈನಲ್ಲಿ ಎಷ್ಟು ಕರೆಂಟು ಪೋಲಾಗುತ್ತದೆ ಎಂದು ಶುರುಮಾಡಿದ್ದರು. ಮಾವ ಐದು ನಿಮಿಷ ಗಮನವಿಟ್ಟು ಕೇಳಿದರು. ಆಮೇಲೆ ಎರಡೂ ಕಿವಿಯ ಮಿಷನ್ನು ತೆಗೆದು ಡಬ್ಬಿಗೆ ಹಾಕಿ, ನನ್ನ ಕೈಗೆ ಕೊಟ್ಟರು.

"ಇಟ್ಕೊಳಮ್ಮ, ಚಾರ್ಜು ದಂಡ ಆಗ್ತಿದೆ."