ನಡುಪಟ್ಟಿಯಿಲ್ಲದ ಹಗಲು

ನಮ್ಮ ಉಪನಾಯಕ ವೆಗೆಟಸ್‌ಗೆ ಶತಾಧಿಪತಿಯಾಗುವ ಹುಚ್ಚು. ಆರನೇ ದಳದಲ್ಲಿ ಜಾಗ ಖಾಲಿಯಿತ್ತು. ನಮ್ಮ ಶತಾಧಿಪತಿ ಬೆಲ್ಲಿಕಸ್ ಮೇಲಿನವರ ಕಿವಿಗೆ ಒಂದು ಮಾತು ಹಾಕಿದರೆ ಸಾಕಿತ್ತು. ಆಸೆ ಪಡಲಿ, ಯಾರು ಬೇಡ ಅಂದರು? ಆದರೆ ವೆಗೆಟಸ್‌ನ ಒಡಹುಟ್ಟಿದ ಅಣ್ಣ ಡೆಂಟೊ ನಮ್ಮ ಗುಡಾರದಲ್ಲೇ ಇದ್ದ, ಕೂದಲು ನೆರೆತರೂ ಬರೀ ಸಿಪಾಯಿ. ತಮ್ಮನಿಗೆ ಅಕ್ಷರ ಕಲಿಸಿ, ಕೈಹಿಡಿದು ಸೈನ್ಯಕ್ಕೆ ಸೇರಿಸಿದವನು ಅವನೇ.

ಗುಡಾರಕ್ಕೆ ಎಂಟು ಜನ, ಒಂದು ಬೀಸುವ ಕಲ್ಲು, ಒಂದು ಹೇಸರಗತ್ತೆ. ಡ್ಯಾನ್ಯೂಬ್ ನದಿಯ ದಂಡೆಯ ಹೊಸ ಪಾಳೆಯಕ್ಕೆ ಗೋಡೆ ಕಟ್ಟುವಾಗಲೂ ಒಂದೊಂದು ಗುಡಾರಕ್ಕೆ ಒಂದೊಂದು ಪಾಲು. ಹುಲ್ಲುಸಮೇತ ಅಗೆದ ಮಣ್ಣಿನ ಹೆಂಟೆಗಳನ್ನು ಜೋಡಿಸಿ, ನಡುನಡುವೆ ಸೌದೆಯ ಪದರ ಹಾಕಬೇಕು. ವೆಗೆಟಸ್ ತನ್ನ ಉದ್ದ ಕೋಲು ಹಿಡಿದು ಬಂದ.

"ಸೌದೆ ಬಿಡ್ರೋ. ಎಲ್ಲರಿಗಿಂತ ಮೊದ್ಲು ನಮ್ದೇ ಮುಗೀಬೇಕು."

"ತಮ್ಮಾ, ಮಳೆ ಬಂದ್ರೆ ಕುಸಿಯುತ್ತೆ ಕಣೋ," ಎಂದ ಡೆಂಟೊ.

"ಇಲ್ಲಿ ಯಾರೂ ನಿನ್ ತಮ್ಮ ಅಲ್ಲ. ಉಪನಾಯಕರೇ ಅನ್ನು."

ನಾವು ನಕ್ಕೆವು. ಡೆಂಟೊನೂ ನಕ್ಕ, ಸೌದೆ ಬಿಟ್ಟ.

ರಾತ್ರಿ ಮಳೆ ಹೊಯ್ದು ಬೆಳಗ್ಗೆ ನಮ್ಮ ಪಾಲಿನ ಗೋಡೆ ಕಂದಕದಲ್ಲಿ ಬಿದ್ದಿತ್ತು. ಬೆಲ್ಲಿಕಸ್ ದ್ರಾಕ್ಷಿಬಳ್ಳಿಯ ಬೆತ್ತ ಆಡಿಸುತ್ತ ನಮ್ಮ ಮುಂದೆ ನಿಂತ.

"ಸೌದೆ ಬಿಡಿ ಅಂದೋನು ಯಾವನು?"

ಡೆಂಟೊ ತಮ್ಮನ ಮುಖ ನೋಡಿದ, ಕಾದ. ವೆಗೆಟಸ್ ತನ್ನ ಕೋಲಿನ ತುದಿ ನೋಡುತ್ತಿದ್ದ. ನಾವೂ ಬಾಯಿ ಬಿಡಲಿಲ್ಲ, ನಮಗೂ ಬೆನ್ನಿಗೆ ಬೀಳುವ ಬೆತ್ತದ ಭಯ.

"ನಾನೇ ಸ್ವಾಮಿ," ಎಂದ ಡೆಂಟೊ.

ನಡುಪಟ್ಟಿ ಬಿಚ್ಚಿಸಿದರು. ಪಟ್ಟಿಯಿಲ್ಲದ ಸಿಪಾಯಿ ಸಿಪಾಯಿಯೇ ಅಲ್ಲ. ಅಂಗಿ ಹೆಂಗಸರ ಉಡುಪಿನ ಹಾಗೆ ಕಾಲಿಗೆ ಇಳಿಬೀಳುತ್ತದೆ. ಎರಡು ಕೈಯಲ್ಲೂ ಹೆಂಟೆ ಹೊತ್ತು ಅವನು ಸಂಜೆಯವರೆಗೆ ದಂಡನಾಯಕನ ಗುಡಾರದ ಬಾಗಿಲಲ್ಲಿ ನಿಲ್ಲಬೇಕಾಯಿತು.

"ತಾತಾ, ಮದ್ವೆ ಯಾವಾಗ? ಮದುಮಗಳ ಉಡುಪು ಚೆನ್ನಾಗಿದೆ!" ಎಂದು ಮೊನ್ನೆ ಸೇರಿದ ಹುಡುಗರು ಕೂಗಿದರು. ವೆಗೆಟಸ್ ಆ ದಾರಿಯಲ್ಲಿ ಹೋಗಬೇಕಾದಾಗಲೆಲ್ಲ ಕುದುರೆಲಾಯದ ಹಿಂದಿನಿಂದ ಬಳಸಿಕೊಂಡು ಹೋದ. ನೋಡುತ್ತಿದ್ದ ನನಗೇ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

ಶಿಕ್ಷೆಯಾದವನಿಗೆ ಗೋಧಿಯಿಲ್ಲ, ಹೇಸರಗತ್ತೆಗೆ ಹಾಕುವ ಬಾರ್ಲಿಯೇ ಗತಿ. ಸಂಜೆ ಡೆಂಟೊ ಬಾತ ಕಾಲು ಚಾಚಿ ಕುಳಿತು ಅದನ್ನು ಬೀಸುತ್ತಿದ್ದ. ವೆಗೆಟಸ್ ಬಿಸಿ ಗೋಧಿರೊಟ್ಟಿಯನ್ನು ಹೊದಿಕೆಯಲ್ಲಿ ಸುತ್ತಿ ತಂದ.

"ಅಣ್ಣಾ, ತಿನ್ನು."

ಡೆಂಟೊ ಬೀಸುವ ಕಲ್ಲಿಗೆ ಕೈಯೂರಿ ಎದ್ದು, ನೆಟ್ಟಗೆ ನಿಂತ. "ಆಗ್ಲಿ, ಉಪನಾಯಕರೇ." ರೊಟ್ಟಿ ತೆಗೆದುಕೊಂಡ, ಮುರಿದು ಹೇಸರಗತ್ತೆಯ ಬಾಯಿಗಿಟ್ಟ.

ವೆಗೆಟಸ್ ಕೆಳಗೆ ಕುಳಿತು ಬೀಸುವ ಕಲ್ಲಿನ ಗೂಟಕ್ಕೆ ಕೈ ಹಾಕಿದ. ಅಣ್ಣ ನಿಂತೇ ಇದ್ದ.

"ಕೂತ್ಕೊ ಅಣ್ಣ, ಕಾಲು ಬಾತಿದೆ."

"ಇದು ಅಪ್ಪಣೆನಾ?"

ಅಪ್ಪಣೆ ಎಂದಿದ್ದರೆ ಕುಳಿತುಕೊಳ್ಳುತ್ತಿದ್ದ, ಅಣ್ಣನಾಗಿ ಅಲ್ಲ, ಸಿಪಾಯಿಯಾಗಿ. ಅಪ್ಪಣೆಯಲ್ಲ, ತಮ್ಮನ ಮಾತು ಎನ್ನುವ ಮುಖ ವೆಗೆಟಸ್‌ಗೆ ಇರಲಿಲ್ಲ. ಕಿವಿಯವರೆಗೆ ಕೆಂಪಾಗಿ ಎದ್ದು ಹೋದ.

ಅವನು ಬೀದಿ ತಿರುಗಿ ಮರೆಯಾಗುವವರೆಗೂ ಡೆಂಟೊ ಆ ಕಾಲಲ್ಲೇ ನಿಂತಿದ್ದ. ಕೂತುಕೋ ಎನ್ನಲು ನಮ್ಮ ಏಳು ಜನರಲ್ಲಿ ಒಬ್ಬನಿಗೂ ಬಾಯಿ ಬರಲಿಲ್ಲ.